ಕೋಣೆ ನೋಡಿ ಪೆಟ್ಟಿಗೆ ತನ್ನಿ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮನೆಗಳಲ್ಲಿ ಹಾಡು ಕೇಳುವ ರೂಢಿಗೆ ಎಂದೂ ಬರ ಬಂದಿಲ್ಲ. ಒಂದೇ ಓಣಿಯಲ್ಲಿ ಒಬ್ಬರ ಮನೆಯಿಂದ ವಚನ ಕೇಳಿಸಿದರೆ ಇನ್ನೊಬ್ಬರ ಮನೆಯಿಂದ ಅಭಂಗ ಕೇಳಿಸುತ್ತದೆ. ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಸ್ಪೀಕರಿನಿಂದ ಬರುತ್ತವೆ. ಮೊದಲು ರೇಡಿಯೊ ಇತ್ತು, ಬಳಿಕ ಟೇಪ್ ರೆಕಾರ್ಡರ್ ಬಂತು, ಈಗ ಹಾಡುಗಳೆಲ್ಲ ಮೊಬೈಲ್ ಫೋನಿನೊಳಗೆ ಕುಳಿತಿವೆ. ಸಾಧನ ಯಾವುದೇ ಇರಲಿ, ಕೊನೆಗೆ ಹಾಡು ಮನೆಯವರೆಲ್ಲರ ಕಿವಿಗೆ ಮುಟ್ಟುವುದು ಸ್ಪೀಕರಿನ ಮೂಲಕ. ಇವತ್ತು ಆ ಸ್ಪೀಕರಿನ ಬಗ್ಗೆ ನಾಲ್ಕು ಮಾತು. ಎರಡು ಪೆಟ್ಟಿಗೆಗಳ ಸ್ಟೀರಿಯೊ ತರಬೇಕೆಂಬ ಆಸೆಯೇನೋ ಇದೆ, ಆದರೆ ಅವನ್ನು ಇಡಲಿಕ್ಕೆ ಮನೆಯಲ್ಲಿ ನೆಟ್ಟಗೆ ಜಾಗವಿಲ್ಲ ಎನ್ನುವವರಿಗಾಗಿ ಮುಖ್ಯವಾಗಿ ಈ ಮಾತು.

ಅಡತಿಯಿಂದ ಸೋಯಾಬೀನಿನದೋ ತೊಗರಿಯದೋ ಪಟ್ಟಿಯ ಹಣ ಕೈಗೆ ಬಂದಿರುತ್ತದೆ. ಮಕ್ಕಳ ಒತ್ತಾಯಕ್ಕೆ ನೀವು ಅಂಗಡಿಗೆ ಹೋಗುತ್ತೀರಿ. ಅಂಗಡಿ ವಿಶಾಲವಾಗಿದೆ, ಮುಂಭಾಗ ರಸ್ತೆಗೆ ತೆರೆದಿದೆ. ಅಲ್ಲಿ ದೊಡ್ಡ ಪೆಟ್ಟಿಗೆ ಎದೆ ನಡುಗುವ ಹಾಗೆ ಬಾರಿಸುತ್ತದೆ, ಕೇಳಲಿಕ್ಕೆ ಚೆನ್ನಾಗಿಯೂ ಇರುತ್ತದೆ. ಅದೇ ಪೆಟ್ಟಿಗೆಯನ್ನು ಮನೆಗೆ ತಂದು ಕಪಾಟಿನ ಪಕ್ಕದ ಮೂಲೆಗೆ ಸೇರಿಸಿದಿರಿ ಎನ್ನಿ. ಹಾಡು ಬಾವಿಯೊಳಗಿಂದ ಬಂದಂತೆ ಗುಂಯ್ ಎನ್ನತೊಡಗುತ್ತದೆ. ಡಗ್ಗಾದ ಸದ್ದು ಒಂದೇ ಮನೆ ತುಂಬುತ್ತದೆ, ಹಾಡಿನ ಮಾತು ತಿಳಿಯುವುದಿಲ್ಲ. ಪೆಟ್ಟಿಗೆ ಕೆಟ್ಟಿದೆಯೇ? ಕೆಟ್ಟಿಲ್ಲ. ಅದು ಹಾಡುವ ಜಾಗ ಬದಲಾಗಿದೆ, ಅಷ್ಟೇ. ಸ್ಪೀಕರ್ ಎಂದೂ ಒಂಟಿಯಾಗಿ ಹಾಡುವುದಿಲ್ಲ. ಕೋಣೆಯ ಗೋಡೆ, ನೆಲ, ಛತ್ತು ಎಲ್ಲವೂ ಅದರ ಹಿಂದೆ ಕುಳಿತು ದನಿ ಕೂಡಿಸುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಈ ವಿಷಯಕ್ಕೂ ಸಲ್ಲುತ್ತದೆ. ಕೋಣೆಯನ್ನು ಹಿಗ್ಗಿಸಲು ಬರುವುದಿಲ್ಲ. ಆದ್ದರಿಂದ ಕೋಣೆಗೆ ಹೊಂದುವ ಪೆಟ್ಟಿಗೆಯನ್ನೇ ಆರಿಸಬೇಕು.

ಇದು ಬರೀ ಮೋಜಿನ ಮಾತೆಂದು ತಿಳಿಯಬೇಡಿ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಅಕ್ಷರದ ಉಚ್ಚಾರ ಸ್ಪಷ್ಟವಾಗಿ ಕೇಳುವುದು ಅಗತ್ಯ. ಮರಾಠಿಯಲ್ಲಿ ಚಾರ ಎಂದರೆ ನಾಲ್ಕು, ಚಾರಾ ಎಂದರೆ ದನದ ಮೇವು. ಬರೆಯುವಾಗ ಚಕಾರ ಒಂದೇ, ಆದರೆ ಮೊದಲನೆಯ ಮಾತಿನ ಚ ನಮ್ಮ ಚಂದ್ರನ ಚ, ಎರಡನೆಯದು ಹಲ್ಲಿಗೆ ತಾಗಿ ತ್ಸ ಎಂದು ಹೊರಡುತ್ತದೆ. ಕನ್ನಡದಲ್ಲಿ ಸಾಲ ಬೇರೆ, ಶಾಲೆಯ ಶ ಬೇರೆ. ಇಂಥ ವ್ಯಂಜನಗಳ ಸೂಕ್ಷ್ಮವೆಲ್ಲ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ತೆಳು ಸ್ವರಗಳಲ್ಲಿ ಅಡಗಿದೆ. ವಯಸ್ಸಾದವರ ಕಿವಿಯಿಂದ ಮೊದಲು ಜಾರಿಹೋಗುವುದೂ ಅವೇ. ಕೋಣೆಯಲ್ಲಿ ದಪ್ಪ ಸ್ವರಗಳು ಗುಂಯ್‌ಗುಟ್ಟಿದರೆ ಈ ತೆಳು ಸ್ವರಗಳು ಅದರಡಿ ಮುಚ್ಚಿಹೋಗುತ್ತವೆ. ಆಗ ಪಡಸಾಲೆಯಲ್ಲಿ ಕುಳಿತ ಅಜ್ಜಿಗೆ ರಾಗ ಕೇಳಿಸುತ್ತದೆ, ವಚನ ಮಾತ್ರ ತಿಳಿಯುವುದಿಲ್ಲ. ನಾವು ಸದ್ದು ಹೆಚ್ಚಿಸುತ್ತೇವೆ, ಗುಂಯ್ ಎಂಬುದೂ ಹೆಚ್ಚುತ್ತದೆ.

ನಮ್ಮ ಕೋಣೆಗಳು ಹೀಗೆ ಗುಂಯ್‌ಗುಡುವುದೇಕೆ? ಅದನ್ನು ತಿಳಿಯಲು ನಮ್ಮ ಮನೆಗಳು ಹೇಗೆ ಬದಲಾದವು ಎಂಬುದನ್ನು ನೋಡಬೇಕು. ಹಳೆಯ ಮಾಳಿಗೆಯ ಮನೆಗೆ ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ ಹಲಗೆ ಹಾಸಿ ಹೇರಿದ ಮಣ್ಣು. ಮರಾಠಿಯವರು ಅದನ್ನು ಮಾಳವದ ಎನ್ನುತ್ತಾರೆ. ಗೋಡೆಯ ಮೈ ಒರಟು, ಅಲ್ಲಲ್ಲಿ ದೀಪದ ಗೂಡು, ತಲೆಯ ಮೇಲೆ ಸಾಲು ತೊಲೆಗಳು, ಕೆಳಗೆ ಸಾರಿಸಿದ ನೆಲ. ಇವೆಲ್ಲ ಧ್ವನಿಯನ್ನು ನಾಲ್ಕು ದಿಕ್ಕಿಗೆ ಚದುರಿಸುತ್ತಿದ್ದವು, ಸ್ವಲ್ಪ ಹೀರಿಕೊಳ್ಳುತ್ತಲೂ ಇದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಭೂಕಂಪದಲ್ಲಿ ಆ ಭಾರದ ಮಾಳಿಗೆಗಳೇ ಮಲಗಿದ್ದವರ ಮೇಲೆ ಕುಸಿದವು. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳಲ್ಲಿ ಸಾವಿರಾರು ಜನ ಹೋದರು. ಆಮೇಲೆ ಸರಕಾರ ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿಸಿತು. ಭೂಮಿ ಇಲ್ಲದವರಿಗೆ 250 ಚದರ ಅಡಿ, ಸಾಧಾರಣ ಭೂಮಿ ಉಳ್ಳವರಿಗೆ 400, ದೊಡ್ಡ ಹಿಡುವಳಿಯವರಿಗೆ 750 ಚದರ ಅಡಿಯ ಮನೆಗಳು ಬಂದವು. ಭೂಕಂಪ ತಟ್ಟದ ಊರುಗಳಲ್ಲಿಯೂ ಜನ ಮಣ್ಣಿನ ಮಾಳಿಗೆ ಬಿಟ್ಟು ಸಿಮೆಂಟಿನ ಛತ್ತಿಗೋ ತಗಡಿಗೋ ಹೊರಳಿದರು. ಜೀವದ ದೃಷ್ಟಿಯಿಂದ ಅದು ಸರಿಯಾದ ದಾರಿಯೇ. ಆದರೆ ನುಣ್ಣನೆಯ ಸಿಮೆಂಟ್ ಗೋಡೆ, ಶಹಾಬಾದ್ ಕಲ್ಲಿನ ಅಥವಾ ಟೈಲ್ಸಿನ ನೆಲ, ಗಾಜಿನ ಕಿಟಕಿ, ಇವು ಬಂದ ಧ್ವನಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಎಸೆಯುತ್ತವೆ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಧ್ವನಿ ಒಂದು ಸೆಕೆಂಡಿನಲ್ಲಿ ನೂರಕ್ಕೂ ಹೆಚ್ಚು ಸಲ ಅತ್ತಿತ್ತ ಓಡಾಡಬಲ್ಲದು. ಹೀಗೆ ಒಂದು ಮಾತಿನ ಬಾಲ ಮುಗಿಯುವ ಮುನ್ನ ಮುಂದಿನ ಮಾತು ಬಂದು ಅದರ ಮೇಲೆ ಬೀಳುತ್ತದೆ.

ನಿಮ್ಮ ಕೋಣೆ ಎಂಥದೆಂದು ತಿಳಿಯಲು ಯಂತ್ರ ಬೇಡ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿರಿ. ಸದ್ದು ಅಲ್ಲಿಗೇ ನಿಂತರೆ ಕೋಣೆ ಒಳ್ಳೆಯದು. ಚಪ್ಪಾಳೆಯ ಹಿಂದೆ ಝಿರ್ ಎಂಬ ತೆಳು ಸದ್ದು ಎಳೆದುಕೊಂಡು ಬಂದರೆ, ಎದುರುಬದುರಿನ ಬೋಳು ಗೋಡೆಗಳು ಸದ್ದನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದು ತಿಳಿಯಿರಿ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಕೂಗು ಏಳು ಸಲ ಮರಳುವುದನ್ನು ಕೇಳಿ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ಅದು ಸೊಗಸು. ವಾರ್ತೆ ಕೇಳುವ ಕೋಣೆಯಲ್ಲಿ ಅದೇ ಗುಣ ತೊಡಕಾಗುತ್ತದೆ.

ಇದಕ್ಕೆ ಮದ್ದು ಏನು? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಇಂಥದೇ ಒಂದು ತೊಂದರೆ ಎದುರಾಯಿತು. ಹೊಸದಾಗಿ ಕಟ್ಟಿದ ಉಪನ್ಯಾಸದ ಕೋಣೆಯಲ್ಲಿ ಗುರುಗಳ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರಿಗೆ ಅದನ್ನು ಸರಿಪಡಿಸುವ ಕೆಲಸ ಬಂತು. ಅವರು ರಾತ್ರಿಯ ನಿಶ್ಶಬ್ದದಲ್ಲಿ, ಹತ್ತಿರದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಕೋಣೆಯಲ್ಲಿ ಜೋಡಿಸಿ, ಎಷ್ಟು ಮೆತ್ತೆ ಹಾಕಿದರೆ ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಖಾಲಿ ಕೋಣೆಯಲ್ಲಿ ಸದ್ದು ಅಡಗಲು ಐದು ಸೆಕೆಂಡಿಗೂ ಹೆಚ್ಚು ಬೇಕಾಗುತ್ತಿತ್ತು. ಮೆತ್ತೆ ಹೆಚ್ಚಿದಂತೆ ಆ ಕಾಲ ಲೆಕ್ಕಬದ್ಧವಾಗಿ ಕಡಿಮೆಯಾಯಿತು. ಸಭಾಗೃಹಗಳ ಧ್ವನಿಯನ್ನು ಲೆಕ್ಕ ಹಾಕುವ ಶಾಸ್ತ್ರ ಆ ಮೆತ್ತೆಗಳಿಂದ ಹುಟ್ಟಿತು. ನಮ್ಮ ಮನೆಯ ಕೌದಿ, ಅಂದರೆ ಮರಾಠಿಯ ಗೋಧಡಿ, ಆ ಮೆತ್ತೆಯ ಕೆಲಸವನ್ನೇ ಮಾಡುತ್ತದೆ. ಸ್ಪೀಕರಿನ ಎದುರಿನ ಬೋಳು ಗೋಡೆಗೆ ಹಗ್ಗದ ಮೇಲೆ ದಪ್ಪನೆಯ ಕೌದಿ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ, ಕಿಟಕಿಗೆ ಮಡಿಕೆ ಮಡಿಕೆಯಾಗಿ ಪರದೆ ಬಿಟ್ಟು ಮತ್ತೆ ಚಪ್ಪಾಳೆ ತಟ್ಟಿ ನೋಡಿರಿ. ಝಿರ್ ಎಂಬುದು ಸಣ್ಣದಾಗಿರುತ್ತದೆ. ಕೌದಿ ಗೋಡೆಗೆ ಅಂಟಿಕೊಳ್ಳದೆ ಒಂದೆರಡು ಬೆರಳು ಬಿಟ್ಟು ತೂಗಿದರೆ ಇನ್ನೂ ಒಳ್ಳೆಯದು. ಒಂದು ಮಾತು ನೆನಪಿರಲಿ. ಕೌದಿ, ಪರದೆಗಳು ತೆಳು ಸ್ವರದ ಎಸೆದಾಟವನ್ನು ತಡೆಯುತ್ತವೆ. ಡಗ್ಗಾದಂಥ ದಪ್ಪ ಸ್ವರಕ್ಕೆ ಅವು ಸಾಲುವುದಿಲ್ಲ. ಅದನ್ನು ಪೆಟ್ಟಿಗೆಯ ಆಯ್ಕೆ ಮತ್ತು ಜಾಗದಿಂದಲೇ ಹತೋಟಿಗೆ ತರಬೇಕು.

ಹಾಗಾದರೆ ಜಾಗದ ವಿಚಾರಕ್ಕೆ ಬರೋಣ. ಎರಡು ಪೆಟ್ಟಿಗೆ ಏಕೆ ಬೇಕು? ನಮಗೆ ಎರಡು ಕಿವಿ ಇರುವುದರಿಂದ. ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಒಂದಿಷ್ಟು ಮೊದಲು, ಒಂದಿಷ್ಟು ಜೋರಾಗಿ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಮಿದುಳು ದಿಕ್ಕನ್ನು ಅರಿಯುತ್ತದೆ. ಇದರ ಆಧಾರದ ಮೇಲೆ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರ್ 1931ರಲ್ಲಿ ಸ್ಟೀರಿಯೊ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಎರಡೂ ಪೆಟ್ಟಿಗೆಗಳಿಂದ ಒಂದೇ ಬಗೆಯಲ್ಲಿ ಬಂದ ಗಾಯಕರ ದನಿ, ಪೆಟ್ಟಿಗೆಯೇ ಇಲ್ಲದ ನಟ್ಟನಡುವಿನ ಜಾಗದಿಂದ ಬಂದಂತೆ ಕೇಳಿಸುತ್ತದೆ. ಸ್ಟೀರಿಯೊದ ಸುಖ ಇರುವುದು ಇದರಲ್ಲಿ. ಇದು ಸಿದ್ಧಿಸಬೇಕಾದರೆ ಎರಡು ಪೆಟ್ಟಿಗೆಗಳೂ ಕೇಳುವವರೂ ತ್ರಿಕೋನದ ಮೂರು ಮೂಲೆಗಳಂತೆ ಇರಬೇಕು. ಪೆಟ್ಟಿಗೆಗಳ ನಡುವಿನ ಅಂತರ 6 ಅಡಿ ಇದ್ದರೆ ನೀವು ಅವುಗಳಿಂದ 6, 7 ಅಡಿ ದೂರ ಕೂಡಬೇಕು. ಜಾಗ ಇಲ್ಲದಿದ್ದರೆ ಅಂತರ 4 ಅಡಿಗೆ ಇಳಿಯಲಿ, ನೀವೂ ಅಷ್ಟೇ ಹತ್ತಿರ ಸರಿಯಿರಿ. ದೂರ ಕುಳಿತು ಕೇಳುವವರಿಗೆ ಒಂದು ಮೊಳದ ಅಂತರದಲ್ಲಿ ಟಿವಿಯ ಎರಡೂ ಮಗ್ಗುಲಿಗೆ ಒತ್ತಿಟ್ಟ ಪೆಟ್ಟಿಗೆಗಳು ಒಂದೇ ಪೆಟ್ಟಿಗೆಗೆ ಸಮ. ಅದಕ್ಕಾಗಿ ಜೋಡಿ ಕೊಳ್ಳುವುದು ವ್ಯರ್ಥ.

ಇನ್ನೊಂದು ನಿಯಮ. ಎರಡೂ ಪೆಟ್ಟಿಗೆಗಳ ನೆರೆಹೊರೆ ಒಂದೇ ತೆರನಾಗಿರಬೇಕು. ಒಂದು ಮೂಲೆಯಲ್ಲಿದ್ದು ಇನ್ನೊಂದು ತೆರೆದ ಬಾಗಿಲ ಪಕ್ಕದಲ್ಲಿದ್ದರೆ ಮೂಲೆಯದರ ದನಿ ದಪ್ಪವಾಗುತ್ತದೆ, ಬಾಗಿಲದ್ದು ತೆಳುವಾಗುತ್ತದೆ, ಗಾಯಕರು ನಡುವಿನಿಂದ ಮೂಲೆಯ ಕಡೆಗೆ ಸರಿದುಬಿಡುತ್ತಾರೆ.

ಈಗ ಮೂಲೆಯ ವಿಚಾರ. ನಾವು ಮೂಲೆ ಎನ್ನುತ್ತೇವೆ, ಮರಾಠಿಯಲ್ಲಿ ಕೋಪರಾ. ಬೇಡವಾದ ಸಾಮಾನನ್ನೆಲ್ಲ ಮೂಲೆಗೆ ಸೇರಿಸುವುದು ಮನೆಯ ಪದ್ಧತಿ, ಸ್ಪೀಕರನ್ನು ಮಾತ್ರ ಅಲ್ಲಿ ಸೇರಿಸಬಾರದು. ದಪ್ಪ ಸ್ವರ ಪೆಟ್ಟಿಗೆಯ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹಿಂದೆ ಒಂದು ಗೋಡೆ ಇದ್ದರೆ ಆ ಸ್ವರದ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪಕ್ಕದಲ್ಲಿಯೂ ಗೋಡೆ ಇದ್ದು ಕೆಳಗೆ ನೆಲ ಹತ್ತಿರವಿದ್ದರೆ ಮತ್ತೆ ಮತ್ತೆ ಹೆಚ್ಚುತ್ತದೆ. ಇದಕ್ಕೆ ಕೋಣೆಯ ಅಳತೆಯೂ ಕೈಗೂಡಿಸುತ್ತದೆ. 10 ಅಡಿ ಅಂತರದ ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 56 ಕಂಪನದ ಸ್ವರವೂ, 12 ಅಡಿಯ ನಡುವೆ ಸುಮಾರು 47 ಕಂಪನದ್ದೂ ಹೆಚ್ಚು ಹೊತ್ತು ನಿಲ್ಲುತ್ತವೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯ ಕೋಣೆಯಾದರೆ ಮೂರೂ ಕಡೆಯಿಂದ ಒಂದೇ ಸ್ವರ ಏಳುತ್ತದೆ. ಅಂಥ ಚೌಕ ಕೋಣೆಗೆ ದೊಡ್ಡ ಬೇಸ್ ಪೆಟ್ಟಿಗೆ ತರುವುದು ಉರಿಯುವ ಒಲೆಗೆ ಎಣ್ಣೆ ಸುರಿದಂತೆ. ಐದು ಇಂಚಿನ ಸಣ್ಣ ಸ್ಪೀಕರಿನ ಪೆಟ್ಟಿಗೆ 60, 70 ಕಂಪನಕ್ಕಿಂತ ಕೆಳಗಿನ ಸ್ವರವನ್ನು ಹೆಚ್ಚು ಹೊರಡಿಸಲಾರದು. ಸಣ್ಣ ಕೋಣೆಗೆ ಆ ಕೊರತೆಯೇ ಅನುಕೂಲ. ಉಳಿದ ದಪ್ಪವನ್ನು ಗೋಡೆಯೇ ಬಿಟ್ಟಿಯಾಗಿ ಕೊಡುತ್ತದೆ.

ಪೆಟ್ಟಿಗೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಮುಂದೆಯೋ ಹಿಂದೆಯೋ ಕೊಳವೆಯಂಥ ಒಂದು ತೂತು ಇರುತ್ತದೆ. ಕೆಲವು ಪೂರ್ತಿ ಮುಚ್ಚಿದವು. ತೂತು ಇಟ್ಟಿರುವುದು ದಪ್ಪ ಸ್ವರ ಹೆಚ್ಚಲಿ ಎಂದು. ಹಾಡು ಜೋರಾಗಿ ನಡೆದಾಗ ತೂತಿನ ಮುಂದೆ ಅಂಗೈ ಹಿಡಿದರೆ ಗಾಳಿ ಬಡಿಯುವುದು ತಿಳಿಯುತ್ತದೆ. ಗೋಡೆಗೆ ಒತ್ತಿ ಇಡಲೇಬೇಕಾದ ಕೋಣೆಗೆ ಮುಚ್ಚಿದ ಪೆಟ್ಟಿಗೆ ಎಲ್ಲಕ್ಕಿಂತ ಮೇಲು. ಅದು ಸಿಗದಿದ್ದರೆ ತೂತು ಮುಂಭಾಗದಲ್ಲಿರುವುದನ್ನು ನೋಡಿರಿ. ತೂತು ಹಿಂಭಾಗದಲ್ಲಿದ್ದರೆ ಗೋಡೆಯಿಂದ ಕನಿಷ್ಠ ಒಂದು ಗೇಣು ಜಾಗ ಬೇಕು. ಅಂಥದೇ ಈಗಾಗಲೇ ಮನೆಯಲ್ಲಿದ್ದರೆ ಮೆತ್ತನೆಯ ಸ್ಪಂಜಿನ ತುಂಡನ್ನೋ ಶುಭ್ರವಾದ ಹಳೆಯ ಕಾಲುಚೀಲವನ್ನೋ ಸುರುಳಿ ಮಾಡಿ ತೂತಿಗೆ ಸಡಿಲವಾಗಿ ತುರುಕಿ ನೋಡಿರಿ, ಗುಂಯ್ ಎಂಬುದು ಇಳಿಯುತ್ತದೆ. ಒಳಗೆ ಬಿದ್ದುಹೋಗದಂತೆ ತುದಿ ಹೊರಗಿರಲಿ.

ಗೋಡೆಯಿಂದ ಎಷ್ಟು ದೂರ? ಇಲ್ಲಿ ಬಹಳ ಜನ ನಡುವಿನ ದಾರಿ ಹಿಡಿಯುತ್ತಾರೆ, ಆದರೆ ನಡುವಿನ ದಾರಿಯೇ ಇಲ್ಲಿ ಕೆಟ್ಟದ್ದು. ಪೆಟ್ಟಿಗೆಯ ಮುಖ ಗೋಡೆಯಿಂದ 2 ಅಡಿ ಮುಂದೆ ಇದ್ದರೆ, ಗೋಡೆಗೆ ಬಡಿದು ಮರಳುವ ಅಲೆ 140 ಕಂಪನದ ಆಸುಪಾಸಿನ ಸ್ವರವನ್ನು ಎದುರಿಸಿ ಕುಗ್ಗಿಸುತ್ತದೆ. ಗಂಡಸರ ದನಿಯ ಬುಡ ಇರುವುದು ಅಲ್ಲಿಯೇ, ಆದ್ದರಿಂದ ದನಿ ಟೊಳ್ಳಾಗುತ್ತದೆ. ಮೂರು ನಾಲ್ಕು ಅಡಿ ಮುಂದೆ ತರಲು ನಮ್ಮ ಕೋಣೆಗಳಲ್ಲಿ ಜಾಗವೆಲ್ಲಿ? ಹಾಗಾಗಿ ಮುಚ್ಚಿದ, ಕಡಿಮೆ ಆಳದ ಪೆಟ್ಟಿಗೆಯನ್ನು ಆರಿಸಿ ಗೋಡೆಯ ಹತ್ತಿರವೇ ಇಡುವುದು ಜಾಣತನ.

ಎತ್ತರದ ಮಾತು ಇನ್ನೂ ಮುಖ್ಯ. ತೆಳು ಸ್ವರ ಹೊರಡಿಸುವ ಸಣ್ಣ ಸ್ಪೀಕರಿಗೆ ಟ್ವೀಟರ್ ಎನ್ನುತ್ತಾರೆ. ಅದರ ಸ್ವರ ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಅದು ನಿಮ್ಮ ಕಿವಿಯ ಮಟ್ಟಕ್ಕಿರಬೇಕು. ನೆಲದ ಮೇಲೆ ಚಾಪೆ ಹಾಸಿ ಕೂಡುವ ಮನೆಯಲ್ಲಿ ಕಿವಿ ಎರಡೂವರೆ ಅಡಿಯ ಮೇಲಿರುತ್ತದೆ, ಪಲಂಗದ ಮೇಲೆ ಕೂತರೆ ನಾಲ್ಕಡಿ. ಮೊದಲು ನೀವು ಎಲ್ಲಿ ಕೂಡುವಿರಿ ಎಂಬುದನ್ನು ಗೊತ್ತುಮಾಡಿ, ಆಮೇಲೆ ಮೇಜು, ಸ್ಟೂಲು ನೋಡಿರಿ. ಪೆಟ್ಟಿಗೆಯನ್ನು ನೆಲಕ್ಕೆ ಇಟ್ಟರೆ ಮಾತು ಕಾಲಿಗೆ ಕೇಳಿಸುತ್ತದೆ, ಕಿವಿಗೆ ಕೇಳಿಸುವುದಿಲ್ಲ. ನೆಲದಲ್ಲಿ ಜಾಗವೇ ಇಲ್ಲದೆ ಮೇಲೆ ಹಲಗೆ ಬಡಿದು ಇಡಬೇಕಾಗಿ ಬಂದರೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಟ್ವೀಟರ್ ಕೆಳಗೆ ಬರುವಂತೆ ಇಡಿರಿ. ಹಿಂಬದಿಗೆ ಕಟ್ಟಿಗೆಯ ಒಂದು ಬೆಣೆ ಕೊಟ್ಟು ಮುಖ ಕೇಳುವವರತ್ತ ಬಾಗಲಿ.

ಎತ್ತರದಲ್ಲಿ ಇಡುವವರು ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು. ಭೂಮಿ ನಡುಗಿದ್ದನ್ನು ಕಂಡ ಸೀಮೆ ಇದು. ಏಳೆಂಟು ಕಿಲೋ ತೂಕದ ಪೆಟ್ಟಿಗೆಯನ್ನು ಮಲಗುವ ಪಲಂಗದ ಮೇಲೆ, ತೊಟ್ಟಿಲ ಮೇಲೆ, ಬಾಗಿಲ ನೆತ್ತಿಯ ಮೇಲೆ ಎಂದೂ ಇಡಬೇಡಿ. ನಡುಕ ಬಂದರೆ ಮೊದಲು ಉರುಳುವುದು ಮೇಲಿಟ್ಟ ಭಾರ, ಜನ ಓಡುವುದು ಬಾಗಿಲ ಕಡೆಗೆ. ಹಲಗೆಯ ಮುಂದಿನ ಅಂಚಿಗೆ ಎರಡು ಬೆರಳೆತ್ತರದ ಪಟ್ಟಿ ಬಡಿಯಿರಿ, ಪೆಟ್ಟಿಗೆಯನ್ನು ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಕಬ್ಬಿಣದ ಬ್ರಾಕೆಟನ್ನು ಗಟ್ಟಿ ಕಾಂಕ್ರೀಟಿಗೆ ಅಥವಾ ಗಟ್ಟಿ ಇಟ್ಟಿಗೆಗೆ ತಕ್ಕ ಬೋಲ್ಟಿನಿಂದ ಕೂರಿಸಬೇಕು. ಮಣ್ಣಿನ ಗೋಡೆಯಲ್ಲಿ ಅದು ಹಿಡಿದು ನಿಲ್ಲುವುದಿಲ್ಲ. ಅಲ್ಲಿ ನೆಲದ ಮೇಲೆ ಅಗಲ ಬುಡದ ಸ್ಟೂಲೇ ಸುರಕ್ಷಿತ.

ಒಂದು ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಉದ್ದ 12 ಅಡಿ, ಅಗಲ 10 ಅಡಿ. ಒಂದು ಗಿಡ್ಡ ಗೋಡೆಯಲ್ಲಿ ಬೀದಿಯ ಬಾಗಿಲು, ಎದುರಿನ ಗಿಡ್ಡ ಗೋಡೆಯಲ್ಲಿ ಅಡುಗೆಮನೆಯ ಬಾಗಿಲು. ಒಂದು ಉದ್ದ ಗೋಡೆಯ ನಡುವೆ 3 ಅಡಿಯ ಕಿಟಕಿ, ಇನ್ನೊಂದರ ಬದಿಗೆ ಪಲಂಗ ಮತ್ತು ಕಪಾಟು. ಗಿಡ್ಡ ಗೋಡೆಗಳು ಬಾಗಿಲಿಗೆ ಹೋದವು. ಉಳಿದದ್ದು ಕಿಟಕಿಯ ಗೋಡೆ. ಅದರ ಎರಡೂ ಮೂಲೆಗಳಿಂದ 3 ಅಡಿ ಬಿಟ್ಟು ಒಂದೊಂದು ಪೆಟ್ಟಿಗೆ ಇಟ್ಟರೆ ನಡುವೆ 6 ಅಡಿ ಉಳಿಯುತ್ತದೆ, ಕಿಟಕಿ ನಟ್ಟನಡುವೆ ಬರುತ್ತದೆ, ಎರಡರ ನೆರೆಹೊರೆಯೂ ಸಮನಾಗುತ್ತದೆ. ಪೆಟ್ಟಿಗೆಯ ಮುಖ ಗೋಡೆಯಿಂದ 9 ಇಂಚು ಮುಂದಿದೆ. ಎದುರಿನ ಪಲಂಗದ ಮೇಲೆ ಗೋಡೆಯಿಂದ ಒಂದೂವರೆ ಅಡಿ ಮುಂದೆ ಸರಿದು ಕುಳಿತರೆ ಎದುರಿನ ಅಂತರ ಸುಮಾರು ಏಳೂಮುಕ್ಕಾಲು ಅಡಿ. ತ್ರಿಕೋನ ಚೆನ್ನಾಗಿಯೇ ಕೂಡಿತು. ಗೋಡೆಗೆ ಬೆನ್ನು ಹಚ್ಚಿ ಕೂಡಬೇಡಿ, ದಪ್ಪ ಸ್ವರ ಅಲ್ಲಿಯೂ ಗುಡ್ಡೆಯಾಗುತ್ತದೆ. ಬೆನ್ನ ಹಿಂದಿನ ಗೋಡೆಗೆ ಕೌದಿ ತೂಗಿದರೆ ಕೆಲಸ ಮುಗಿಯಿತು. ನಿಮ್ಮ ಕೋಣೆ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ.

ಯಾವ ರೀತಿಯಲ್ಲಿಯೂ ಜೋಡಿ ಕೂಡದ ಕೋಣೆಗಳೂ ಇರುತ್ತವೆ. ಆಗ ಬೇಸರ ಬೇಡ. ಇಡೀ ಹಣವನ್ನು ಒಂದೇ ಒಳ್ಳೆಯ ಪೆಟ್ಟಿಗೆಗೆ ಹಾಕಿರಿ. ಮಾತಿಗೆ ಸ್ಟೀರಿಯೊ ಬೇಕಿಲ್ಲ. ಮೀಡಿಯಂ ವೇವ್ ರೇಡಿಯೊ ಕೇಳಿ ಬೆಳೆದವರೆಲ್ಲ ಒಂದೇ ಸ್ಪೀಕರಿನಲ್ಲಿ ಕೇಳಿದ್ದು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಕೊಟ್ಟ ಗ್ರಾಮಫೋನ್ ತಟ್ಟೆಗಳೂ ಏಕಧ್ವನಿಯವೇ. ಆದರೆ ಸ್ಟೀರಿಯೊ ಹಾಡನ್ನು ಒಂದೇ ಪೆಟ್ಟಿಗೆಗೆ ಕೊಡುವಾಗ ಅರ್ಧ ಹಾಡು ತಪ್ಪಿಹೋಗದಂತೆ ನೋಡಬೇಕು. ಬಹಳಷ್ಟು ಮೊಬೈಲ್ ಫೋನುಗಳ ಸೆಟ್ಟಿಂಗಿನಲ್ಲಿ ಮೋನೊ ಎಂಬ ಆಯ್ಕೆ ಇದೆ, ಅದನ್ನು ಹಾಕಿದರೆ ಎಡ ಬಲ ಎರಡೂ ಕೂಡಿ ಬರುತ್ತವೆ. ಆಂಪ್ಲಿಫೈಯರಿನ ಎಡ ಬಲದ ಸ್ಪೀಕರ್ ತಂತಿಗಳನ್ನು ನೀವೇ ಒಂದಕ್ಕೊಂದು ಹೆಣೆಯಬೇಡಿ, ಯಂತ್ರ ಸುಡುತ್ತದೆ. ಒಬ್ಬರೇ ಕೇಳುವವರಿಗೆ ಹೆಡ್‌ಫೋನ್ ಕೂಡ ಒಳ್ಳೆಯ ಉಪಾಯ, ಅದಕ್ಕೆ ಗೋಡೆಯ ಹಂಗಿಲ್ಲ. ದನಿ ಮಾತ್ರ ಹದವಾಗಿರಲಿ.

ಇನ್ನು ಅಂಗಡಿಗೆ ಹೊರಡಬಹುದು. ಕಿಸೆಯಲ್ಲಿ ಕೋಣೆಯ ನಕ್ಷೆಯ ಚೀಟಿ ಇರಲಿ, ಅಳತೆಯ ಟೇಪು ಇರಲಿ. ಪೆಟ್ಟಿಗೆಯ ಆಳ, ತೂಕ, ತೂತಿನ ಜಾಗ ಮೊದಲು ನೋಡಿರಿ. ಸಾವಿರ ವಾಟ್ ಪಿಎಂಪಿಒ ಎಂದು ಬರೆದಿದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ, ಕ್ಷಣಮಾತ್ರದ ಏರಿಕೆಯನ್ನು ಕೂಡಿಸಿ ಗುಣಿಸಿದ ಲೆಕ್ಕವದು. ಆರ್‌ಎಂಎಸ್ ವಾಟ್ ಎಷ್ಟು ಎಂದು ಕೇಳಿರಿ. ಅದಕ್ಕಿಂತ ಮುಖ್ಯ, ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕಿ. ಅದರಲ್ಲಿ 3 ಹೆಚ್ಚಿದ್ದರೆ ಅರ್ಧ ವಾಟಿನಲ್ಲಿ ಅಷ್ಟೇ ದನಿ ಬರುತ್ತದೆ. 84 ಡೆಸಿಬೆಲಿನ ಸಣ್ಣ ಪೆಟ್ಟಿಗೆಯೂ ನಿಜವಾದ 10 ವಾಟಿನಲ್ಲಿ ಹತ್ತು ಹನ್ನೆರಡು ಅಡಿಯ ಕೋಣೆಯನ್ನು ತುಂಬುತ್ತದೆ. ನಿಮ್ಮ ಆಂಪ್ಲಿಫೈಯರ್ 8 ಓಮ್ ಕೇಳಿದರೆ 4 ಓಮಿನ ಪೆಟ್ಟಿಗೆ ಹಚ್ಚಬೇಡಿ.

ಪರೀಕ್ಷೆಗೆ ನಿಮಗೆ ಬಾಯಿಪಾಠವಾದ ಹಾಡನ್ನೇ ಒಯ್ಯಿರಿ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಪಂಡಿತ ಭೀಮಸೇನ ಜೋಶಿಯವರು ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಹಾಡಿದ್ದಾರೆ. ಅವರ ಒಂದೊಂದು ಹಾಡು ನಮ್ಮಂಥ ದ್ವಿಭಾಷಿಕರಿಗೆ ಒಳ್ಳೆಯ ಒರೆಗಲ್ಲು. ಪೆಟ್ಟಿಗೆಯನ್ನು ಗೋಡೆಗೆ ಸರಿಸಿಟ್ಟು ಹಚ್ಚಲು ಹೇಳಿರಿ, ನಿಮ್ಮ ಮನೆಯಲ್ಲಿ ಅದು ಇರುವುದು ಹಾಗೆಯೇ. ದನಿಯನ್ನು ಮಾತಾಡುವಷ್ಟು ಸಣ್ಣದಾಗಿಸಿ, ಮಾತು ತಿಳಿಯುತ್ತದೆಯೇ ನೋಡಿರಿ. ಬಳಿಕ ವಾರ್ತೆ ಹಚ್ಚಿ ಕೇಳಿರಿ. ಸಣ್ಣ ದನಿಯಲ್ಲಿಯೂ ಶಕಾರ ಸಕಾರ ಬೇರೆ ಬೇರೆಯಾಗಿ ಕೇಳಿದ ಪೆಟ್ಟಿಗೆಯೇ ನಿಮ್ಮದು. ಹೊಂದದಿದ್ದರೆ ಬದಲಿಸಿ ಕೊಡುವ ಮಾತನ್ನು ಹಣ ಕೊಡುವ ಮುಂಚೆ ಪಡೆಯಿರಿ, ರಸೀದಿಯ ಮೇಲೆ ಬರೆಸಿಕೊಳ್ಳಿರಿ.

ಮನೆಯಲ್ಲಿ ತಂತಿ ಹಚ್ಚುವಾಗ ಕೆಂಪು ಕೆಂಪಿಗೆ, ಕರಿ ಕರಿಗೆ. ಒಂದು ಪೆಟ್ಟಿಗೆಯಲ್ಲಿ ಮಾತ್ರ ಇದು ಅದಲುಬದಲಾದರೆ ಎರಡೂ ಸ್ಪೀಕರುಗಳು ಒಂದಕ್ಕೊಂದು ಎದುರಾಗಿ ತಳ್ಳಾಡಿ ದಪ್ಪ ಸ್ವರ ಮಾಯವಾಗುತ್ತದೆ, ಗಾಯಕರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಗುರುತು ಅಳಿಸಿಹೋದ ಪೆಟ್ಟಿಗೆಯ ತಂತಿಗಳನ್ನು ಯಂತ್ರದಿಂದ ಬಿಚ್ಚಿ, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಅರೆಕ್ಷಣ ತಾಗಿಸಿರಿ. ಸ್ಪೀಕರಿನ ಹಾಳೆ ಹೊರಗೆ ಜಿಗಿದರೆ ಸೆಲ್ಲಿನ ಕೂಡು ಗುರುತಿನ ಕಡೆಗಿದ್ದ ತಂತಿಯೇ ಕೆಂಪು ತುದಿ.

ಕೊನೆಯದಾಗಿ ನೆರೆಯವರ ಮಾತು. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ದಪ್ಪ ಸ್ವರ ಗೋಡೆ ದಾಟಿ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಜಾಗದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಕಾಯಿದೆಯ ಮಾತು ಹಾಗಿರಲಿ, ಆಚೆ ಗೋಡೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೋ ನಿದ್ದೆ ಬಾರದ ಮುದುಕರೋ ಇರುತ್ತಾರೆ. ಕೋಣೆಗೆ ಹೊಂದಿದ ಸಣ್ಣ ಪೆಟ್ಟಿಗೆಯ ಇನ್ನೊಂದು ಗುಣವೆಂದರೆ, ಅದರ ಹಾಡು ಕೋಣೆಯೊಳಗೇ ಉಳಿಯುತ್ತದೆ.

ಆದ್ದರಿಂದ ಹಣ ಎಣಿಸುವ ಮುಂಚೆ ಕೋಣೆ ಅಳೆಯಿರಿ, ಕೂಡುವ ಜಾಗ ಗೊತ್ತುಮಾಡಿರಿ, ಚಪ್ಪಾಳೆ ತಟ್ಟಿ ನೋಡಿರಿ. ಆಮೇಲೆ ತಂದ ಪೆಟ್ಟಿಗೆ ದೊಡ್ಡದಿರಲಿ ಚಿಕ್ಕದಿರಲಿ, ಅಜ್ಜಿಗೆ ವಚನದ ಮಾತು ಮಾತೂ ತಿಳಿದರೆ ನಿಮ್ಮ ಹಣ ಸಾರ್ಥಕವಾಯಿತು.